ಅತ್ತಿಗೆಯ ಬಾಯಲ್ಲಿದ್ದ ಮೂರನೆಯ ನುಡಿ

ನೆಟ್ಟಣ

ಪ್ರವಾಸ ಹೋಗಿ ಬಂದವರು ಸಾಮಾನ್ಯವಾಗಿ ಸಂತೋಷದಿಂದ ಬರೆಯುತ್ತಾರೆ. ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಡುವೆ ಎಲ್ಲೋ ನಿಮಗೆ ಗೊತ್ತಾಗಿ, ಈ ಹೆಂಗಸಿಗೆ ಇಷ್ಟು ವಯಸ್ಸಾದರೂ ಬುದ್ಧಿ ಬರಲಿಲ್ಲ ಎಂದು ಪುಟ ಮಗುಚುತ್ತೀರಿ.

ಹೊಟ್ಟೆಕಿಚ್ಚು ನನ್ನ ಅಣ್ಣನ ಹೆಂಡತಿ ದೇವಕಿ ಅತ್ತಿಗೆಯ ಮೇಲೆ. ಅವರಿರುವುದು ಸುಳ್ಯದ ಹತ್ತಿರದ ನನ್ನ ತವರುಮನೆಯಲ್ಲಿ. ನಾನು ಮದುವೆಯಾಗಿ ಕಡಬಕ್ಕೆ ಬಂದವಳು, ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಆದರೆ ಊರಿನಲ್ಲಿ ನನಗಿರುವ ಹೆಸರು ಹಾಡಿನ ಟೀಚರ್. ಶಾಲೆಯ ಪ್ರಾರ್ಥನೆಯಿಂದ ಹಿಡಿದು ಯಾರದೋ ಸನ್ಮಾನ ಸಮಾರಂಭದವರೆಗೆ ಸ್ವಾಗತಗೀತೆ ನನ್ನದೇ. ಅತ್ತಿಗೆಯದು ಒಡಕು ಗಂಟಲು, ದನ ಕರೆಯಲಿಕ್ಕೆ ಸಾಕು. ಅಂಥವರ ಮೇಲೆ ಹಾಡಿನ ವಿಷಯದಲ್ಲಿ ಹೊಟ್ಟೆ ಉರಿದುಕೊಳ್ಳುವುದೆಂದರೆ ನನಗೇ ನಾಚಿಕೆ.

ಅತ್ತಿಗೆಯ ಮಗಳು ರಮ್ಯ ನರ್ಸ್. ಸ್ಕಾಟ್ಲೆಂಡಿನ ಪಕ್ಕ ಸಮುದ್ರದಲ್ಲಿರುವ ಲೂಯಿಸ್ ಎಂಬ ದ್ವೀಪದಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಅವಳ ಕೆಲಸ. ಏಪ್ರಿಲಿನಲ್ಲಿ ಅಮ್ಮ ಬಂದು ಮೂರು ವಾರ ಇರಲಿ ಎಂದು ಅವಳ ಆಸೆ. ಅಣ್ಣ ದನಗಳನ್ನು ಬಿಟ್ಟು ಒಂದು ದಿನವೂ ಎಲ್ಲಿಗೂ ಹೋಗುವವನಲ್ಲ. ಆಗ ರಮ್ಯ ನನಗೆ ಫೋನ್ ಮಾಡಿದಳು.

"ಅತ್ತೆ, ನೀವು ಅಮ್ಮನೊಟ್ಟಿಗೆ ಬನ್ನಿ. ಅವರಿಗೆ ಇಂಗ್ಲಿಷ್ ಬರುದಿಲ್ಲ, ನಿಮಗೆ ಬರ್ತದಲ್ಲ."

ಅವಳಿಗೆ ಬೇಕಾದದ್ದು ನನ್ನ ಇಂಗ್ಲಿಷ್ ಎಂದು ಅರ್ಥವಾಯಿತು. ಆದರೂ ಆಗಲಿ ಎಂದೆ. ಪುತ್ತೂರಿಗೆ ಹೋಗಿ ಸ್ವೆಟರ್ ತಂದೆ. ಅಂಗಡಿಯವರು "ಊಟಿಗಾ ಟೀಚರ್?" ಎಂದು ಕೇಳಿದರು. ಸ್ಕಾಟ್ಲೆಂಡಿಗೆ ಎಂದು ಹೇಳುವಾಗ ಆದ ಖುಷಿ ಸಣ್ಣದಲ್ಲ.

ನೆಟ್ಟಣದ ರೈಲು ನಿಲ್ದಾಣಕ್ಕೆ ಅಣ್ಣನ ಜೀಪಿನಲ್ಲಿ ಅತ್ತಿಗೆ ಬಂದಿಳಿದಾಗ ಅವರ ಕೈಯಲ್ಲಿ ಹೊಸ ಸೂಟ್‌ಕೇಸಿನ ಜೊತೆ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ದೊಡ್ಡ ಕಟ್ಟು ಇತ್ತು. ಹಲಸಿನ ಹಪ್ಪಳ.

"ಅದನ್ನು ಒಳಗೆ ಬಿಡುದಿಲ್ಲ ಅತ್ತಿಗೆ."

"ಹಪ್ಪಳಕ್ಕೆ ಎಂತ ತೊಂದರೆ? ಬಾಂಬಾ?"

ಸುಬ್ರಹ್ಮಣ್ಯಕ್ಕೆ ಬಂದು ಹಿಂದಿರುಗುತ್ತಿದ್ದ ಯಾತ್ರಿಕರಿಂದ ಬೆಂಗಳೂರಿನ ರೈಲು ತುಂಬಿತ್ತು. ಸಕಲೇಶಪುರ ದಾಟುವಷ್ಟರಲ್ಲಿ ಬೋಗಿಯ ಅರ್ಧ ಹೆಂಗಸರು ಅತ್ತಿಗೆಯ ಪರಿಚಯಸ್ಥರಾಗಿದ್ದರು. ನನ್ನನ್ನು ಯಾರೂ ಮಾತಾಡಿಸಲಿಲ್ಲ. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದೆ ಎಂಬುದು ನಿಜ.

ಕಟ್ಟನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಪರದೇಶದ ವಿಮಾನ ನಿಲ್ದಾಣದಲ್ಲಿ. ಅಧಿಕಾರಿಯೊಬ್ಬ ಒಂದು ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ತಟ್ಟಿದ. ಇದಕ್ಕಾಗಿಯೇ ನಾನು ಊರಿನಿಂದ ಎರಡು ಒಳ್ಳೆಯ ವಾಕ್ಯ ತಯಾರು ಮಾಡಿಕೊಂಡು ಬಂದಿದ್ದೆ. ಮೊದಲನೆಯದನ್ನು ಶುರು ಮಾಡುವಾಗಲೇ ಅತ್ತಿಗೆ ಕೈ ಚಾಚಿ ಒಂದು ಹಪ್ಪಳ ತೆಗೆದು, ಮುರಿದು, ಕಟಕಟ ಎಂದು ತಿಂದು ಅವನಿಗೆ ತೋರಿಸಿದರು. ಅವನು ನಕ್ಕು ಹೋಗಿ ಎಂದ. ನನ್ನ ಎರಡು ವಾಕ್ಯ ಬಾಯಲ್ಲೇ ಉಳಿದವು.

ಮೋಡದ ಮೇಲೆ

ವಿಮಾನದಲ್ಲಿ ಅತ್ತಿಗೆ ನಿದ್ದೆ ಹೋದರು. ನಾನು ನನ್ನ ಹಾಡುಗಳನ್ನು ಕೇಳುತ್ತಾ ಕೂತೆ. ಹದಿಮೂರನೆಯ ವಯಸ್ಸಿನಿಂದ ಹಾಡು ಬರೆದಿಟ್ಟ ಪುಸ್ತಕ ನನ್ನಲ್ಲಿದೆ. ಈಗ ಅದೆಲ್ಲ ಫೋನಿನೊಳಗೆ ಬಂದಿದೆ.

ಅದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಭಾವಗೀತೆ. ಹುಡುಗಿಯಾಗಿದ್ದಾಗ ತವರಿನ ಜಗಲಿಯಲ್ಲಿ ಕೂತು ಟ್ರಾನ್ಸಿಸ್ಟರ್ ಕಿವಿಗೆ ಒತ್ತಿ ಹಿಡಿದು ಕೇಳಿದ್ದು. ನಮ್ಮ ಮನೆಯಲ್ಲಿ ಬೇಸರ ಎಂಬುದಕ್ಕೆ ಜಾಗವಿರಲಿಲ್ಲ. ಬೇಸರವಾದರೆ ಸೊಪ್ಪು ತಾ, ನೀರು ಸೇದು ಎನ್ನುತ್ತಿದ್ದರು. ಆ ಹಾಡಿನಲ್ಲಿ ಮಾತ್ರ ಒಬ್ಬಳು ಏನೂ ಕೆಲಸ ಮಾಡದೆ, ಸಂಜೆ ಹೊತ್ತು ಸುಮ್ಮನೆ ಬೇಸರದಿಂದ ನಿಂತಿದ್ದಳು. ಅವಳು ನಾನೇ ಅನಿಸಿತ್ತು. ಇಂದಿಗೂ ಅದು ಬಂದರೆ ನಾನು ಕೈಯಲ್ಲಿದ್ದ ಕೆಲಸ ಕೆಳಗಿಡುತ್ತೇನೆ.

ಇನ್ನೊಂದು ಸಿನಿಮಾ ಹಾಡು. ಪುತ್ತೂರಿನಿಂದ ಕಡಬಕ್ಕೆ ಬರುವ ಒಂದು ಖಾಸಗಿ ಬಸ್ಸಿನ ಡ್ರೈವರಿಗೆ ಆ ಹಾಡಿನ ಹುಚ್ಚು. ಮುಗಿದ ಕೂಡಲೇ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕುತ್ತಿದ್ದರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಕಿಟಕಿಯ ಪಕ್ಕದ ಸೀಟು, ಚೀಲದಲ್ಲಿ ಮಕ್ಕಳ ಉತ್ತರ ಪತ್ರಿಕೆ, ನನ್ನನ್ನು ಟೀಚರ್ ಎಂದು ಕರೆಯುವ ಕಂಡಕ್ಟರ್. ಹಾಡು ಅಂಥದ್ದೇನಲ್ಲ. ಆದರೆ ಅದನ್ನು ಕೇಳಿದರೆ ನನಗೆ ಇಪ್ಪತ್ತಮೂರು ವರ್ಷವಾಗುತ್ತದೆ.

ಮೂರನೆಯ ಹಾಡು ಫೋನಿನಲ್ಲಿಲ್ಲ, ಪುಸ್ತಕದಲ್ಲೂ ಇಲ್ಲ. ಅದು ನನ್ನ ಅವ್ವನ ಒನಕೆ ಹಾಡು.

ನಮ್ಮ ಕಡೆ ಹಲಸಿನ ಹಪ್ಪಳ ಮಾಡುವುದು ಬೇಸಗೆಯ ದೊಡ್ಡ ಕೆಲಸ. ಬೆಳೆದ ಕಾಯಿ ಬಿಡಿಸಿ ತೆಗೆದ ಸೊಳೆ ಬೇಯಿಸಿ, ಬಿಸಿಯಾಗಿರುವಾಗಲೇ ಒರಳಿಗೆ ಹಾಕಿ, ಇಬ್ಬರು ಎದುರುಬದುರು ನಿಂತು ಎರಡು ಒನಕೆಯಿಂದ ಗುದ್ದಬೇಕು. ಗುದ್ದಿದ್ದು ಕಡಿಮೆಯಾದರೆ ಗಂಟು ಉಳಿಯುತ್ತದೆ. ಹೆಚ್ಚಾದರೆ ಅಂಟು ಏರಿ, ಬಾಳೆ ಎಲೆಯ ಮೇಲೆ ಒತ್ತಿ ಬಿಡಿಸುವಾಗ ಹಪ್ಪಳ ಹರಿಯುತ್ತದೆ. ಹದ ತಿಳಿಯಲು ಅವ್ವ ಗಡಿಯಾರ ನೋಡುತ್ತಿರಲಿಲ್ಲ. ಅವರದೊಂದು ಹಾಡು ಇತ್ತು, ಎರಡು ನುಡಿ. ಎರಡೂ ನುಡಿ ಮುಗಿದಾಗ ಸೊಳೆ ಹದಕ್ಕೆ ಬಂದಿರುತ್ತಿತ್ತು. ಮನೆಯಲ್ಲಿ ನಾವು ಆಡುವುದು ಅರೆಭಾಷೆ, ಹಾಡೂ ಅದರದ್ದೇ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಸ್ವಲ್ಪ ಕನ್ನಡಕ್ಕೆ ತಿರುಗಿಸಿ ಬರೆಯುತ್ತೇನೆ.

*ಏಳು ಒನಕೆ, ಬೀಳು ಒನಕೆ,*
*ಬಾವಿಕಟ್ಟೆ ಹಲಸು ಬೆಳೆದುಂಟು ಒನಕೆ.*

ಎರಡನೆಯ ನುಡಿ ಮರದ ಕೊಂಬೆಗೆ ಬರುವ ಮಂಗನ ಮೇಲೆ.

*ಮೇಲಿನ ಗೆಲ್ಲಿಗೆ ಮಂಗ ಬಂತು ಒನಕೆ,*
*ನಮಗೂ ನಾಲ್ಕು ಉಳಿಯಲಿ ಒನಕೆ.*

ಹೀಗೆ ಉದ್ದಕ್ಕೆ ಹೋಗುತ್ತದೆ. ಎರಡೂ ನುಡಿ ನನಗೆ ಬಾಯಿಪಾಠ. ಆದರೆ ನಾನು ಒನಕೆ ಹಿಡಿದವಳಲ್ಲ. ಓದುವ ಹುಡುಗಿ ಎಂದು ನನಗೆ ರಿಯಾಯಿತಿ. ಒಂದು ದಿನ ರೇಡಿಯೋದಲ್ಲಿ ನನ್ನ ಭಾವಗೀತೆ ಬರುತ್ತಿದ್ದಾಗ ಜಗಲಿಯಿಂದಲೇ ಕೂಗಿದ್ದೆ: "ಅವ್ವ, ಸ್ವಲ್ಪ ಬಾಯಿ ಮುಚ್ಚಿ, ಇಲ್ಲಿ ಒಳ್ಳೆ ಹಾಡು ಬರ್ತಾ ಉಂಟು." ಅವ್ವ ನಿಜವಾಗಿಯೂ ಬಾಯಿ ಮುಚ್ಚಿದರು. ಆ ಸಲ ಹಪ್ಪಳದಲ್ಲಿ ಗಂಟು ಇತ್ತು.

ನನ್ನ ಮದುವೆಯ ಹೊತ್ತಿಗೆ ಅವ್ವನ ಎದುರಿನ ಒನಕೆ ಅತ್ತಿಗೆಯ ಕೈಗೆ ಬಂದಿತ್ತು. ಬೇಸಗೆ ರಜೆಯಲ್ಲಿ ತವರಿಗೆ ಹೋದರೆ ಹಿತ್ತಿಲಿನಿಂದ ಹಾಡು ಕೇಳುತ್ತಿತ್ತು. ಆಗ ಗಮನಿಸಿದೆ, ಹಾಡು ಎರಡು ನುಡಿಗೆ ನಿಲ್ಲುತ್ತಿರಲಿಲ್ಲ. ಮೂರನೆಯದೊಂದು ಇತ್ತು. ಮಾತು ಕೇಳಿಸುತ್ತಿರಲಿಲ್ಲ, ನಡುವೆ ಅವ್ವ ನಗುವುದು ಕೇಳಿಸುತ್ತಿತ್ತು. ನಾನು ಎದ್ದು ಹತ್ತಿರ ಹೋದ ಕೂಡಲೇ ಇಬ್ಬರೂ ಹಾಡು ನಿಲ್ಲಿಸಿ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಹೆತ್ತ ಮಗಳಿಗೆ ಎರಡು ನುಡಿ, ಬಂದ ಸೊಸೆಗೆ ಮೂರು. ಇದು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅದರ ಮೇಲೆ ಇನ್ನೊಂದು. ಒಂದು ವರ್ಷ ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋಗಬೇಕಾಗಿ ಬಂದು ಬೇಸಗೆಯಲ್ಲಿ ತವರಿಗೆ ಹೋಗಲಾಗಲಿಲ್ಲ. ಅವ್ವ ಅಣ್ಣನ ಕೈಯಲ್ಲಿ ಹಪ್ಪಳ ಕಳಿಸಿದರು. ಬಿಚ್ಚಿ ನೋಡಿದರೆ ಎಲ್ಲ ಹರಿದದ್ದು, ಒಂದೂ ಗುಂಡಗೆ ಉರುಟಾಗಿಲ್ಲ. ಚೆಂದದ್ದೆಲ್ಲ ಅತ್ತಿಗೆಯ ತವರಿಗೆ ಹೋಗಿರಬೇಕು ಎಂದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಮ್ಮ ಯಜಮಾನರು ಕರಿದರೆ ಎಲ್ಲ ಒಂದೇ ರುಚಿ ಎಂದರು. ಅವರ ಜೊತೆ ಎರಡು ದಿನ ಮಾತಾಡಲಿಲ್ಲ.

ಅವ್ವ ಹೋಗಿ ಆರು ವರ್ಷವಾಯಿತು. ಒನಕೆ ಅಟ್ಟ ಸೇರಿತು, ಈಗ ಗ್ರೈಂಡರ್. ವರ್ಷಾಂತ್ಯದ ಕ್ರಿಯೆಯ ದಿನ ನಾನು ಧೈರ್ಯ ಮಾಡಿ ಅತ್ತಿಗೆಯ ಹತ್ತಿರ ಆ ಮೂರನೆಯ ನುಡಿ ಹೇಳಿಕೊಡಿ ಎಂದಿದ್ದೆ.

"ಒನಕೆ ಕೈಯಲ್ಲಿಲ್ಲದೆ ಬಾಯಿಗೆ ಬರುದಿಲ್ಲ ಸರೋಜ" ಎಂದು ಅವರು ಆಚೆ ನೋಡಿದರು.

ಅದು ನೆಪ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನ ಅವ್ವನ ಕೊನೆಯ ನುಡಿಯನ್ನು ಬಾಯೊಳಗಿಟ್ಟುಕೊಂಡ ಹೆಂಗಸು ಈಗ ನನ್ನ ಪಕ್ಕದ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಈ ಮೂರು ವಾರದಲ್ಲಿ ಹೇಗಾದರೂ ಮಾಡಿ ಅದನ್ನು ಹೊರಗೆ ತೆಗೆಸಬೇಕೆಂದು ನಾನು ನಿಶ್ಚಯಿಸಿದೆ.

ಶನಿವಾರ, ದ್ವೀಪ

ಹಡಗಿನಿಂದ ಇಳಿದಾಗ ಗಾಳಿ ನಮ್ಮಿಬ್ಬರನ್ನೂ ದೂಡಿತು. ರಮ್ಯ ಓಡಿ ಬಂದು ಮೊದಲು ಅಮ್ಮನನ್ನು ಅಪ್ಪಿಕೊಂಡಳು, ಅದು ಸಹಜ. ಆಮೇಲೆ ನನ್ನ ಸ್ವೆಟರ್ ನೋಡಿ, "ಇದು ಸಾಲದು ಅತ್ತೆ" ಎಂದಳು.

ದ್ವೀಪದಲ್ಲಿ ಮರ ಕಡಿಮೆ. ಕಣ್ಣು ಹರಿದಷ್ಟು ದೂರ ಕಂದು ಹುಲ್ಲು, ಕಲ್ಲು, ನೀರು, ಕುರಿ. ಕುರಿಗಳು ರಸ್ತೆಯ ಮಧ್ಯದಲ್ಲೇ ಮಲಗಿರುತ್ತವೆ, ನಮ್ಮ ಪೇಟೆಯ ದನಗಳಂತೆ. ಕಾರು ನಿಂತು ಅವು ಏಳುವವರೆಗೆ ಕಾಯುತ್ತದೆ.

"ಮರ ಎಲ್ಲ ಎಂತ ಮಾಡಿದ್ರು ಇವರು?" ಎಂದು ಅತ್ತಿಗೆ ಕೇಳಿದರು. "ಸೌದೆಗೆ ಕಡಿದ್ರಾ?"

"ಇಲ್ಲ ಅಮ್ಮ, ಇಲ್ಲಿ ಒಲೆಗೆ ಹಾಕುದು ಮಣ್ಣು." ರಮ್ಯ ರಸ್ತೆ ಬದಿಯಲ್ಲಿ ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಲು ಇಟ್ಟ ಕಪ್ಪು ಮಣ್ಣನ್ನು ತೋರಿಸಿದಳು. ಅತ್ತಿಗೆ ಕಾರು ನಿಲ್ಲಿಸಿ ಇಳಿದು, ಒಂದು ತುಂಡು ಎತ್ತಿ ಮೂಸಿ, ಅದರಲ್ಲಿ ಬೇರಿನ ನಾರು ಇದೆ ಎಂದು ಕಂಡುಹಿಡಿದು ಬಂದರು. ನಾನು ಗಾಳಿಗೆ ಹೆದರಿ ಕಾರಿನಲ್ಲೇ ಕೂತಿದ್ದೆ.

ಇಲ್ಲಿಯವರು ಮನೆಯೊಳಗೆ ಆಡುವುದು ಗೇಲಿಕ್ ಎಂಬ ಭಾಷೆ, ಅಂಗಡಿಯಲ್ಲಿ ಇಂಗ್ಲಿಷ್. ಇದು ಮಾತ್ರ ನಮಗೆ ಹೊಸತಾಗಿ ಕಾಣಲಿಲ್ಲ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ನಾವು.

ಭಾನುವಾರ, ಬಟ್ಟೆ ಒಣಗಿಸಬಾರದ ದಿನ

ಆ ದ್ವೀಪದ ಹಳಬರು ಭಾನುವಾರ ಯಾವ ಕೆಲಸವನ್ನೂ ಮಾಡುವುದಿಲ್ಲ. ಅಂಗಡಿ ಮುಚ್ಚಿರುತ್ತದೆ, ಬಟ್ಟೆ ಒಗೆದು ಹೊರಗೆ ಹಾಕುವುದೂ ಸಭ್ಯತೆಯಲ್ಲ. ರಮ್ಯ ಇದನ್ನು ನನಗೆ ಹೇಳಿದ್ದಳು, ಅಮ್ಮನಿಗೆ ತಿಳಿಸಿ ಎಂದೂ ಹೇಳಿದ್ದಳು. ನಾನು ಮರೆತೆ. ಬೇಕೆಂದೇ ಮರೆತೆನೋ ಎಂದು ಈಗ ನೀವು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಬೆಳಿಗ್ಗೆ ರಮ್ಯ ಡ್ಯೂಟಿಗೆ ಹೋದ ಮೇಲೆ ಅತ್ತಿಗೆ ಸ್ನಾನ ಮಾಡಿ, ಒಗೆದು, ತಮ್ಮ ಕೆಂಪು ಅಂಚಿನ ಹಳದಿ ಸೀರೆಯನ್ನು ಹಿತ್ತಿಲ ಹಗ್ಗಕ್ಕೆ ಹರವಿದರು. ಐದು ನಿಮಿಷವೂ ಆಗಿರಲಿಲ್ಲ. ಗಾಳಿ ಸೀರೆಯನ್ನು ಹಗ್ಗದಿಂದ ಎಳೆದು, ಬೇಲಿ ದಾಟಿಸಿ, ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಕುರಿಯ ಮೇಲೆ ಹಾಕಿತು. ಕುರಿ ಸೀರೆ ಉಟ್ಟುಕೊಂಡೇ ಓಡಿತು. ಅಷ್ಟರಲ್ಲಿ ರಸ್ತೆಯಲ್ಲಿ ಕಪ್ಪು ಕೋಟು ತೊಟ್ಟು ಪ್ರಾರ್ಥನೆಗೆ ಹೊರಟವರ ಸಾಲು. ಎಲ್ಲರೂ ನೋಡಿ ಮುಂದೆ ನಡೆದರು.

"ಅಯ್ಯೋ, ನನ್ನ ಸೀರೆ ಮಾರಾಯ್ತಿ!" ಎಂದು ಅತ್ತಿಗೆ ಕೂಗುವಾಗ ನಾನು ಒಳಗೆ ಹೋಗಿ ನಕ್ಕೆ. ಇನ್ನು ಈ ಊರಿನಲ್ಲಿ ಅವರನ್ನು ಯಾರೂ ಹತ್ತಿರ ಸೇರಿಸುವುದಿಲ್ಲ ಎಂಬ ಸಂತೋಷ.

ಸೋಮವಾರ ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಪಕ್ಕದ ಮನೆಯ ಮುದುಕಿ. ಹೆಸರು ಮೋರಾಗ್, ಎಪ್ಪತ್ತೈದು ದಾಟಿದವರು, ಕುರಿ ಅವರದೇ. ಕೈಯಲ್ಲಿ ಒಗೆದು, ಇಸ್ತ್ರಿ ಹಾಕಿ, ಅಚ್ಚುಕಟ್ಟಾಗಿ ಮಡಿಸಿದ ಸೀರೆ. ನಿನ್ನೆ ತರಬಹುದಿತ್ತು, ಆದರೆ ಭಾನುವಾರ ಎಂದರು. ನಾನು ಕ್ಷಮೆ ಕೇಳುವ ವಾಕ್ಯ ಹುಡುಕುತ್ತಿರುವಾಗ ಅತ್ತಿಗೆ ಅವರ ಕೈ ಹಿಡಿದು ಒಳಗೆ ಕರೆದು, ಕೂರಿಸಿ, ಹಪ್ಪಳ ಕರಿದು ಕೊಟ್ಟರು. ಮೋರಾಗ್ ಐದು ತಿಂದರು. ಹೋಗುವಾಗ ಸೀರೆಯ ಅಂಚನ್ನು ಮತ್ತೊಮ್ಮೆ ಬೆರಳಿನಿಂದ ಸವರಿ, ಬುಧವಾರ ಊರಿನ ಸಭಾಭವನದಲ್ಲಿ ನಾವು ಬಟ್ಟೆ ಬಡಿಯುತ್ತೇವೆ, ಇಬ್ಬರೂ ಬನ್ನಿ ಎಂದರು.

ಬುಧವಾರ, ಉಣ್ಣೆಯ ಮೇಜು

ಸಭಾಭವನದಲ್ಲಿ ಒಂದು ಉದ್ದ ಮೇಜು. ಅದರ ಎರಡೂ ಬದಿಗೆ ಹತ್ತು ಹನ್ನೆರಡು ಹೆಂಗಸರು. ಮೇಜಿನ ಮೇಲೆ ಎರಡೂ ತುದಿ ಹೊಲಿದು ಬಳೆಯಂತೆ ಮಾಡಿದ, ನೆನೆಸಿದ ಉಣ್ಣೆ ಬಟ್ಟೆ. ಮಗ್ಗದಿಂದ ಬಂದ ಬಟ್ಟೆ ಸಡಿಲವಾಗಿರುತ್ತದಂತೆ. ಹೀಗೆ ಒದ್ದೆ ಮಾಡಿ ಮೇಜಿಗೆ ಬಡಿದು ಬಡಿದು ಗಟ್ಟಿ ಮಾಡುತ್ತಿದ್ದರಂತೆ. ಈಗ ಆ ಕೆಲಸಕ್ಕೆ ಯಂತ್ರ ಬಂದಿದೆ, ಇವರು ಮರೆಯಬಾರದೆಂದು ಆಗಾಗ ಸೇರುತ್ತಾರೆ. ಹಿಂದೆ ನೆನೆಸುತ್ತಿದ್ದದ್ದು ನೀರಿನಲ್ಲಲ್ಲ, ಮನೆಮನೆಯಿಂದ ಸೇರಿಸಿಟ್ಟ ಮೂತ್ರದಲ್ಲಿ ಎಂದು ಮೋರಾಗ್ ನಗುತ್ತಾ ಹೇಳಿದರು. ನಾನು ಮೂಗು ಮುಚ್ಚಿಕೊಂಡು ಅತ್ತಿಗೆಗೆ ತಿಳಿಸಿದೆ.

"ಅದಕ್ಕೆ ಎಂತ? ನಾವು ಗಂಜಳ ಹಾಕುದಿಲ್ವಾ?" ಎಂದು ಅತ್ತಿಗೆ ತೋಳು ಮಡಚಿ ಬೆಂಚಿನಲ್ಲಿ ಕೂತೇಬಿಟ್ಟರು.

ಒಬ್ಬಳು ಹಾಡಿನ ಸಾಲು ಹೇಳಬೇಕು, ಉಳಿದವರು ಪಲ್ಲವಿ ಹಿಡಿಯಬೇಕು. ಎಲ್ಲರ ಕೈಯೂ ಒಟ್ಟಿಗೆ ಬಟ್ಟೆಯನ್ನು ಮೇಜಿಗೆ ಬಡಿದು, ಗಡಿಯಾರದ ಮುಳ್ಳು ಸುತ್ತುವ ಕಡೆಗೆ ಸರಿಸಬೇಕು. ಉಲ್ಟಾ ಸುತ್ತಿದರೆ ಅಶುಭ.

"ಪ್ರದಕ್ಷಿಣೆ ಅಲ್ವಾ" ಎಂದರು ಅತ್ತಿಗೆ, ಅಷ್ಟು ವಿವರಿಸಬೇಕಾ ಎಂಬಂತೆ.

ನಾಲ್ಕು ಹಾಡು ಆದ ಮೇಲೆ ಮೋರಾಗ್ ತಮ್ಮ ನಡುಬೆರಳನ್ನು ಬಟ್ಟೆಯ ಅಗಲಕ್ಕೆ ಇಟ್ಟು ಅಳೆದರು. ಗೇಲಿಕ್‌ನಲ್ಲಿ ಏನೋ ಹೇಳಿ, ನಮಗಾಗಿ ಇಂಗ್ಲಿಷಿನಲ್ಲಿ ಮತ್ತೆ ಹೇಳಿದರು: ಇನ್ನೂ ಎರಡು ಹಾಡು ಬೇಕು.

"ಎಂತ ಹೇಳಿದ್ರು?"

"ಬಟ್ಟೆ ಹದಕ್ಕೆ ಬರ್ಲಿಕ್ಕೆ ಇನ್ನು ಎರಡು ಹಾಡು ಬೇಕಂತೆ."

ಅತ್ತಿಗೆ ಮೋರಾಗ್‌ರ ಮುಖವನ್ನೇ ನೋಡಿದರು. ಅತ್ತಿಗೆಯ ಕಣ್ಣು ಒದ್ದೆಯಾದದ್ದು ನನಗೆ ಕಾಣಿಸಿತು. ನನಗೂ ಆಗಬೇಕಿತ್ತು, ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಇನ್ನೆರಡು ಹಾಡಿನಲ್ಲಿ ಒಂದು ನಿಮ್ಮ ದೇಶದ್ದಾಗಲಿ ಎಂದು ಮೋರಾಗ್ ನಮ್ಮಿಬ್ಬರ ಕಡೆ ಕೈ ತೋರಿಸಿದ್ದರು. ಹಾಡಿನ ಟೀಚರ್ ನಾನು. ಗಂಟಲು ಸರಿಮಾಡಿಕೊಂಡೆ.

ನನ್ನ ಭಾವಗೀತೆಯನ್ನೇ ಹಾಡಿದೆ. ಚೆನ್ನಾಗಿಯೇ ಹಾಡಿದೆ, ಆಲಾಪ ಸಹಿತ. ಆದರೆ ಮೇಜಿನ ಸುತ್ತ ಕೈಗಳು ಮೇಲೆ ಎದ್ದು ಅಲ್ಲೇ ನಿಂತವು. ಯಾವಾಗ ಬಡಿಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬಳು ಮುಂಚೆ ಬಡಿದಳು, ಇನ್ನೊಬ್ಬಳು ಆಮೇಲೆ, ಮೂರನೆಯವಳ ಪೆಟ್ಟು ಪಕ್ಕದವಳ ಬೆರಳಿನ ಮೇಲೆ ಬಿತ್ತು. ಬಟ್ಟೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಎಳೆದು ಮುದ್ದೆಯಾಯಿತು. ನಾನು ನಿಲ್ಲಿಸಿದೆ.

"ತುಂಬಾ ಚೆಂದದ ಹಾಡು," ಎಂದರು ಮೋರಾಗ್. "ಕೆಲಸ ಮುಗಿಸಿ ಕೂತು ಕೇಳುವಂಥದ್ದು."

ಇಷ್ಟು ಮರ್ಯಾದೆಯಿಂದ ನನಗೆ ಯಾರೂ ಹೀಗೆ ಪೆಟ್ಟು ಕೊಟ್ಟಿರಲಿಲ್ಲ. ಅಷ್ಟರಲ್ಲಿ ಅತ್ತಿಗೆ ಯಾರನ್ನೂ ಕೇಳದೆ, ತಲೆ ತಗ್ಗಿಸಿ, ಮುದ್ದೆಯಾದ ಬಟ್ಟೆಯನ್ನು ನೇರ ಮಾಡಿ ಒಮ್ಮೆ ಬಡಿದರು. ಎರಡನೆಯ ಸಲ ಬಡಿಯುವಾಗ ಒಡಕು ಗಂಟಲು ತೆರೆಯಿತು.

*ಏಳು ಒನಕೆ, ಬೀಳು ಒನಕೆ...*

ಎರಡು ಸಾಲಿಗೆ ಇಡೀ ಮೇಜು ಹಿಡಿದುಕೊಂಡಿತು. ಸಾಲಿನ ಕೊನೆಗೆ ಬರುವ 'ಒನಕೆ' ಎಂಬುದನ್ನು ಆ ಹೆಂಗಸರೆಲ್ಲ ಒಟ್ಟಿಗೆ ಹೇಳತೊಡಗಿದರು, ಹುಟ್ಟಿದಂದಿನಿಂದ ಹೇಳಿಕೊಂಡು ಬಂದ ಹಾಗೆ. ಹಲಗೆ ನಡುಗುತ್ತಿತ್ತು. ಉರಿ ನನ್ನ ಹೊಟ್ಟೆಯಿಂದ ಗಂಟಲಿಗೆ ಬಂತು. ಅದು ನನ್ನ ಅವ್ವನ ಹಾಡು. ಅದಕ್ಕೆ ಕೈತಾಳ ಹಾಕಬೇಕಾದವಳು ನಾನು. ಹಾಡಿನ ಪುಸ್ತಕವಿಲ್ಲದ, ಶ್ರುತಿಯಿಲ್ಲದ ಈ ಹೆಂಗಸಿಗೆ ಅದು ಇಷ್ಟು ಸುಲಭವಾಗಿ ಯಾಕೆ ಒಲಿಯಬೇಕು?

ಎರಡನೆಯ ನುಡಿ ಮುಗಿಯಿತು. ಅತ್ತಿಗೆ ತಡೆದರು. ನನ್ನ ಕಡೆ ಒಂದು ಕ್ಷಣ ಕಣ್ಣು ಬಂತು, ಹೋಯಿತು. ಮೋರಾಗ್ ಬಟ್ಟೆಗೆ ಬೆರಳಿಟ್ಟು ನೋಡಿ, ಇನ್ನೂ ಸ್ವಲ್ಪ ಎಂದು ತಲೆಯಾಡಿಸಿದರು. ಕೈಗಳು ನಿಂತಿರಲಿಲ್ಲ, ಮೇಜು ಕಾಯುತ್ತಿತ್ತು. ನಾನು ಸೊಂಟದಲ್ಲಿದ್ದ ಫೋನ್ ಎಳೆದು ರೆಕಾರ್ಡ್ ಒತ್ತಲು ನೋಡಿದೆ. ಒದ್ದೆ ಬೆರಳಿಗೆ ಅದು ಜಪ್ಪಯ್ಯ ಎನ್ನಲಿಲ್ಲ. ಅತ್ತಿಗೆ ತಲೆ ಇನ್ನಷ್ಟು ಬಗ್ಗಿಸಿ ಮೂರನೆಯ ನುಡಿ ಎತ್ತಿದರು.

*ಓದಿದ ನಾದಿನಿ ಜಗಲಿಲುಂಟು ಒನಕೆ,*
*ರೇಡಿಯೋ ಕೇಳ್ತಾಳೆ, ಮೆಲ್ಲ ಬೀಳು ಒನಕೆ,*
*ಕಡಬದ ಬಸ್ಸಿಗೆ ಹೊತ್ತಾಯ್ತು ಒನಕೆ,*
*ಉರುಟು ಹಪ್ಪಳ ಅವಳಿಗೆ ಎತ್ತಿಡು ಒನಕೆ.*

ಫೋನ್ ನನ್ನ ಕೈಯಲ್ಲೇ ಉಳಿಯಿತು.

ಮೋರಾಗ್ ಬೆರಳಿನಿಂದ ಅಳೆದು ಸಾಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿ, ಅರ್ಥ ಹೇಳಿ ಎಂದು ನನ್ನ ಕಡೆ ತಿರುಗಿದರು. ಅದಕ್ಕಾಗಿಯೇ ತಾನೇ ನನ್ನನ್ನು ಕರೆಸಿದ್ದು. ಹಲಸು ಹೇಳಿದೆ, ಮಂಗ ಹೇಳಿದೆ. ಮೂರನೆಯದಕ್ಕೆ ಬಂದಾಗ ಇಂಗ್ಲಿಷ್ ಮರೆತಂತಾಯಿತು. ಹೇಗೋ ಮುಗಿಸಿದೆ.

"ಆ ಓದಿದ ನಾದಿನಿ ಯಾರು?" ಎಂದು ಒಬ್ಬಳು ಕೇಳಿದಳು.

"ನಾನೇ."

ಸಭಾಭವನ ಇಡೀ ನಕ್ಕಿತು. ನಮ್ಮಲ್ಲೂ ಹೀಗೆಯೇ, ಮೇಜಿನ ಸುತ್ತ ಕೂತವರ ಮೇಲೆಯೇ ನುಡಿ ಕಟ್ಟುವುದು ಎಂದು ಮೋರಾಗ್ ನನ್ನ ಬೆನ್ನು ತಟ್ಟಿದರು. ಇನ್ನೊಮ್ಮೆ ಹಾಡಬಹುದೇ, ರೆಕಾರ್ಡ್ ಆಗಲಿಲ್ಲ ಎಂದು ನಾನು ಕೇಳಿಕೊಂಡೆ. ಮೋರಾಗ್ ಗಂಭೀರವಾಗಿ, ಆಗದು ಎಂದು ತಲೆಯಾಡಿಸಿದರು. ಒಂದು ಬಟ್ಟೆಗೆ ಒಂದು ಹಾಡನ್ನು ಎರಡು ಸಲ ಹೇಳುವ ಕ್ರಮ ಆ ಊರಿನಲ್ಲಿಲ್ಲ.

ಹಿಂದಿರುಗುವ ಹಡಗು

ಉಳಿದ ದಿನಗಳಲ್ಲಿ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಹಡಗಿನಲ್ಲಿ ಕಿಟಕಿ ಪಕ್ಕ ಕೂತಾಗ ಅತ್ತಿಗೆಯೇ ಶುರು ಮಾಡಿದರು.

"ಬೇಜಾರಾಯ್ತಾ ಸರೋಜ?"

"ಆ ನುಡಿ ಅವ್ವ ಕಟ್ಟಿದ್ದಾ?"

"ಎಲ್ಲಿ? ನಾನೇ ಕಟ್ಟಿದ್ದು. ನಿನ್ನ ಮದುವೆ ಆದ ವರ್ಷ ಗಾಳಿಗೆ ಬಾವಿಕಟ್ಟೆಯ ಹಲಸು ಬಿತ್ತಲ್ಲ. ಮತ್ತೆ ಗುಡ್ಡೆಯ ಮರದ ಕಾಯಿ ತಂದದ್ದು. ಅದರ ಸೊಳೆ ಗಟ್ಟಿ ಮಾರಾಯ್ತಿ, ಎರಡು ನುಡಿಗೆ ಹದ ಬರುದಿಲ್ಲ. ಇನ್ನೊಂದು ನುಡಿ ಸೇರಿಸು ಅಂತ ಅತ್ತೆ ಹೇಳಿದ್ರು. ನನಗೆ ಎಂತ ಬರ್ತದೆ? ಕಣ್ಣೆದುರು ನೀನು ರೇಡಿಯೋ ಹಿಡ್ಕೊಂಡು ಕೂತಿದ್ದಿ. ಅದನ್ನೇ ಹೇಳಿದೆ. ಅತ್ತೆಗೆ ನಗು ತಡೀಲಿಕ್ಕೆ ಆಗ್ಲಿಲ್ಲ."

ಹಾಗಾದರೆ ಅವ್ವನ ಹಾಡು ಎರಡೇ ನುಡಿ. ಅದು ಪೂರ್ತಿ ನನ್ನ ಹತ್ತಿರವೇ ಇತ್ತು. ಇಷ್ಟು ವರ್ಷ ಯಾವುದು ಸಿಗಲಿಲ್ಲ ಎಂದು ಉರಿದೆನೋ ಅದು ನನ್ನ ಮೇಲೆಯೇ ಕಟ್ಟಿದ ಹಾಡು.

"ಮತ್ತೆ ನಾನು ಬಂದ ಕೂಡಲೇ ಬಾಯಿ ಮುಚ್ಚುದು ಯಾಕೆ?"

"ನೀನು ದೊಡ್ಡ ಹಾಡುಗಾರ್ತಿ. ನನ್ನ ಈ ಗಂಟಲಲ್ಲಿ, ನಿನ್ನನ್ನೇ ತಮಾಷೆ ಮಾಡುದು, ನಿನ್ನೆದುರು ಹೇಗೆ ಹೇಳುದು? ಆಮೇಲೆ ನೀನು ಕೇಳಿದಾಗ ಅತ್ತೆಯ ಕ್ರಿಯೆಯ ದಿನ. ಆ ದಿನ ಅದನ್ನು ಹೇಳ್ಲಿಕ್ಕೆ ಆಗ್ತದಾ?"

ನಾನು ಸಮುದ್ರ ನೋಡುತ್ತಾ ಕೇಳಿದೆ.

"ಅವ್ವ ಅದನ್ನು ಹೇಳ್ತಿದ್ರಾ? ಅಥವಾ ನೀವೊಬ್ಬರೇ?"

"ಅವರೇ ಹೇಳುದು. ನನ್ನ ಬಾಯಿಂದ ಕಿತ್ಕೊಂಡ ಹಾಗೆ. ನೀನು ಬಾರದ ವರ್ಷ ಎರಡೆರಡು ಸಲ ಹೇಳುದು. ಸಾಕು ಅತ್ತೆ, ಅಂಟಾಗ್ತದೆ ಅಂತ ನಾನು ಹೇಳ್ತಿದ್ದೆ. ಅವರು ಕೇಳ್ಬೇಕಲ್ಲ. ಆ ವರ್ಷ ಒಂದೂ ಹಪ್ಪಳ ಸರಿ ಬರ್ಲಿಲ್ಲ, ಎಲ್ಲ ಎಲೆಯಿಂದ ಬಿಡಿಸುವಾಗ ಹರಿದು ಹೋಯ್ತು. ಆದರೂ ಅದನ್ನೇ ನಿನಗೆ ಕಟ್ಟಿ ಕಳಿಸಿದ್ರು."

ಆ ಕಟ್ಟು ಬಿಚ್ಚಿ ಅಡುಗೆಮನೆಯಲ್ಲಿ ಅತ್ತದ್ದನ್ನು ಇವರಿಗೆ ನಾನು ಎಂದೂ ಹೇಳಿಲ್ಲ, ಈಗಲೂ ಹೇಳಲಿಲ್ಲ. ಅವರು ಸೆರಗಿನೊಳಗಿನಿಂದ ಒಂದು ಹಸಿ ಹಪ್ಪಳ ತೆಗೆದು ಮುರಿದು ಅರ್ಧ ನನ್ನ ಕೈಗೆ ಕೊಟ್ಟರು.

ಇದರಿಂದ ಹೊಟ್ಟೆಕಿಚ್ಚು ಹೋಯಿತೆಂದು ನೀವು ತಿಳಿದರೆ ನನ್ನನ್ನು ನೀವು ಬಲ್ಲವರಲ್ಲ. ಹೆಚ್ಚಾಯಿತು. ನಾನು ಬಾರದ ವರ್ಷ ಅವ್ವ ನನ್ನ ಹೆಸರೆತ್ತದೆ ನನ್ನನ್ನು ಎರಡೆರಡು ಸಲ ಕರೆದಾಗ ಎದುರು ಒನಕೆ ಹಿಡಿದು ನಿಂತು ಕೇಳಿದವರು ಅತ್ತಿಗೆ. ಆ ದನಿ ಅವರ ಕಿವಿಯಲ್ಲಿದೆ. ನನ್ನ ಕಿವಿಯಲ್ಲಿ ಆಗ ಇದ್ದದ್ದು ರೇಡಿಯೋ.

ಸುಳ್ಯ

ಮೇ ತಿಂಗಳ ನಡುವಿಗೆ ಊರು ತಲುಪಿದೆವು. ಮಳೆಗೆ ಇನ್ನೂ ಸ್ವಲ್ಪ ದಿನವಿತ್ತು, ಗುಡ್ಡೆಯ ಮರದಲ್ಲಿ ಕೊನೆಯ ನಾಲ್ಕು ಕಾಯಿ ಉಳಿದಿದ್ದವು. ನಾನು ಕಡಬಕ್ಕೆ ಹೋಗದೆ ನೆಟ್ಟಣದಿಂದ ನೇರ ತವರಿಗೆ ಬಂದು, ಅಟ್ಟದಿಂದ ಎರಡೂ ಒನಕೆ ಇಳಿಸಿಕೊಡು ಎಂದು ಅಣ್ಣನನ್ನು ಕೇಳಿದೆ.

"ಗ್ರೈಂಡರ್ ಉಂಟಲ್ಲ?" ಎಂದ.

"ಇರಲಿ."

ಮೊದಲ ಇಪ್ಪತ್ತು ಪೆಟ್ಟಿನಲ್ಲಿ ನನ್ನ ಒನಕೆ ಮೂರು ಸಲ ಅತ್ತಿಗೆಯ ಒನಕೆಗೆ ತಾಗಿತು. ಅಂಗೈಯಲ್ಲಿ ಬೊಕ್ಕೆ ಎದ್ದಿತು. "ಕಣ್ಣು ಒರಳಲ್ಲಿ ಬೇಡ, ನನ್ನ ಮುಖ ನೋಡು" ಎಂದರು ಅತ್ತಿಗೆ. ನೋಡಿದೆ. ಆಮೇಲೆ ಕೈ ತಾನಾಗಿ ಏಳತೊಡಗಿತು. ಅವ್ವನ ಎರಡು ನುಡಿಯನ್ನು ಅತ್ತಿಗೆ ಹೇಳಿದರು. ಮೂರನೆಯದನ್ನು ನಾನು ಎತ್ತಿಕೊಂಡೆ. ಓದಿದ ನಾದಿನಿ, ರೇಡಿಯೋ, ಕಡಬದ ಬಸ್ಸು, ಉರುಟು ಹಪ್ಪಳ. ಮುಗಿಯುವಾಗ ಸೊಳೆ ಹದಕ್ಕೆ ಬಂದಿತ್ತು, ಒನಕೆಗೆ ಬೇಕಾದಷ್ಟೇ ಹತ್ತುತ್ತಿತ್ತು. ಅತ್ತಿಗೆ ನಿಲ್ಲಿಸಿ, ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು.

"ಸಾಕು ಸರೋಜ, ಇನ್ನು ಅಂಟಾಗ್ತದೆ."

ನಾನು ಒನಕೆ ಎತ್ತಿ ಆ ನುಡಿಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅತ್ತಿಗೆ ಒಂದು ಗಳಿಗೆ ನನ್ನನ್ನು ನೋಡಿದರು, ಆಮೇಲೆ ತಮ್ಮ ಒನಕೆ ಎತ್ತಿಕೊಂಡರು.

ಆ ದಿನದ ಹಪ್ಪಳ ಎಲ್ಲ ಹರಿಯಿತು.